ಮಾನಸ ಸರೋವರದ ದಾರಿಯಲ್ಲಿ ಇಬ್ಬರು

‘ಮಾನಸ ಸರೋವರ’ ಎಂದೊಡನೆ ನನ್ನ ತಲೆಮಾರಿನ ಕನ್ನಡಿಗರಿಗೆ ನೆನಪಾಗುವುದು 1982ರಲ್ಲಿ ಬಂದ ಪುಟ್ಟಣ್ಣ ಕಣಗಾಲರ ಚಿತ್ರ. ಕಾವ್ಯದ ರುಚಿಯಿದ್ದವರಿಗೆ ಅದು ಮಳೆಗಾಲದಲ್ಲಿ ರಾಜಹಂಸಗಳು ಹಾರಿಹೋಗಿ ಸೇರುವ ನೀರು. ಎರಡು ಕಡೆಯೂ ಸರೋವರವಿರುವುದು ಮನಸ್ಸಿನೊಳಗೆ. ಅಲ್ಲಿಗೆ ಹೋಗಿಬರಲು ಖರ್ಚಿಲ್ಲ, ಕಾಲಿನಲ್ಲಿ ಗುಳ್ಳೆ ಏಳುವುದಿಲ್ಲ. ಭೂಪಟದ ಮೇಲಿರುವ ಸರೋವರ ಬೇರೆ. ಅದು ಸಮುದ್ರಮಟ್ಟದಿಂದ ಸುಮಾರು 4,590 ಮೀಟರ್ ಎತ್ತರದಲ್ಲಿ, ಮರವೊಂದೂ ಬೆಳೆಯದ ಪಶ್ಚಿಮ ಟಿಬೆಟ್ಟಿನ ಬಯಲಿನಲ್ಲಿ, 400 ಚದರ ಕಿಲೋಮೀಟರಿಗೂ ಮಿಗಿಲಾಗಿ ಹರಡಿಕೊಂಡಿರುವ ಸಿಹಿನೀರು. ದಕ್ಷಿಣಕ್ಕೆ ಗುರ್ಲಾ ಮಾಂಧಾತ, ಉತ್ತರಕ್ಕೆ ಕೈಲಾಸ, ಪಕ್ಕದಲ್ಲಿಯೇ ಯಾರೂ ಮೀಯಲು ಬಯಸದ ರಾಕ್ಷಸತಾಲ್. 1948ರಲ್ಲಿ ಈ ಎರಡನೆಯ ಸರೋವರಕ್ಕೆ ನಡೆದುಹೋದ ಗಂಡಹೆಂಡಿರ ಕಥೆಯನ್ನು ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಅವರಲ್ಲಿ ಗಂಡ ಜಗತ್ಪ್ರಸಿದ್ಧ. ಹೆಂಡತಿ ನಮ್ಮ ಮುಂಬೈಯವರು.

ಗಂಡನ ಪುಸ್ತಕ ನನಗೆ ಸಿಕ್ಕಿದ್ದು ಫ್ಲೋರಾ ಫೌಂಟನ್ ಬಳಿಯ ಕಾಲುದಾರಿಯ ಹಳೆಯ ಪುಸ್ತಕಗಳ ರಾಶಿಯಲ್ಲಿ. ‘ದ ವೇ ಆಫ್ ದ ವೈಟ್ ಕ್ಲೌಡ್ಸ್’ ಎಂದು ಅದರ ಹೆಸರು. 1966ರಲ್ಲಿ ಮೊದಲು ಅಚ್ಚಾದದ್ದು. ಬರೆದವರು ಲಾಮಾ ಅನಾಗಾರಿಕ ಗೋವಿಂದ. ಓದುತ್ತ ಹೋದಂತೆ ಗ್ರಂಥಕರ್ತರ ಧ್ಯಾನ, ಕನಸು, ಗುರುದರ್ಶನಗಳಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಕೊನೆಯ ಭಾಗದಲ್ಲಿ ಮತ್ತೆ ಮತ್ತೆ ಬರುವ ‘ಲೀ’ ಎಂಬ ಎರಡಕ್ಷರದ ಹೆಸರು ಮತ್ತು ಪುಸ್ತಕದಲ್ಲಿ ಸೇರಿಕೊಂಡಿರುವ ಕಪ್ಪುಬಿಳುಪು ಚಿತ್ರಗಳು. ಗೋವಿಂದರು ಆಕೆಯನ್ನು ಮರೆಮಾಡಿದ್ದಾರೆಂದು ನಾನು ಹೇಳುತ್ತಿಲ್ಲ. ಆಕೆಯ ಕೆಲಸವನ್ನು ಅವರು ಮನಸಾರೆ ಹೊಗಳಿದ್ದಾರೆ. ಆದರೆ ಪುಸ್ತಕದಲ್ಲಿ ‘ನಾನು’ ಎನ್ನುವವರು ಅವರು. ಓದುಗರ ನೆನಪಿನಲ್ಲಿ ಯಾತ್ರೆ ಯಾವಾಗಲೂ ‘ನಾನು’ ಎಂದವರದ್ದಾಗಿಯೇ ಉಳಿಯುತ್ತದೆ.

ಲೀ ಗೌತಮಿಯ ಹುಟ್ಟುಹೆಸರು ರತ್ತಿ ಪೆಟಿಟ್. ಹುಟ್ಟಿದ್ದು 1906ರಲ್ಲಿ, ಮುಂಬೈಯ ಪಾರ್ಸಿ ಮನೆತನವೊಂದರಲ್ಲಿ. (ಜಿನ್ನಾ ಅವರನ್ನು ಮದುವೆಯಾದ ರತ್ತಿ ಪೆಟಿಟ್ ಬೇರೆ; ಅವರು 1929ರಲ್ಲಿಯೇ ತೀರಿಕೊಂಡರು. ಹೆಸರಿನ ಹೋಲಿಕೆಯಿಂದ ಒಮ್ಮೆ ನಾನೇ ಎಡವಿದ್ದೇನೆ.) ಇಂಗ್ಲೆಂಡಿನಲ್ಲಿ ಓದಿ ಬಂದ ಈಕೆ 1930ರ ದಶಕದ ಆರಂಭದಲ್ಲಿ ಮುಂಬೈಯ ಹವ್ಯಾಸಿ ಛಾಯಾಗ್ರಾಹಕರ ಬಳಗದಲ್ಲಿದ್ದರು, ಆಮೇಲೆ ಶಾಂತಿನಿಕೇತನಕ್ಕೆ ಹೋಗಿ ನಂದಲಾಲ ಬಸು ಅವರ ಬಳಿ ಚಿತ್ರಕಲೆಯನ್ನು ಕಲಿತರು. ಕ್ಯಾಮೆರಾ ಒಂದು ಕೈಯಲ್ಲಿ, ಕುಂಚ ಇನ್ನೊಂದು ಕೈಯಲ್ಲಿ: ಈ ಎರಡು ವಿದ್ಯೆಗಳು ಒಬ್ಬರಲ್ಲೇ ಕೂಡಿದ್ದು ಮುಂದೆ ಎಷ್ಟು ಮುಖ್ಯವಾಯಿತೆಂಬುದನ್ನು ಆಮೇಲೆ ನೋಡೋಣ.

ಗೋವಿಂದರು ಹುಟ್ಟಿದ್ದು ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ, 1898ರಲ್ಲಿ. ಹೆಸರು ಅರ್ನ್ಸ್ಟ್ ಹಾಫ್‌ಮನ್. 1928ರಲ್ಲಿ ಸಿಂಹಳಕ್ಕೆ ಬಂದು, 1931ರಲ್ಲಿ ಡಾರ್ಜಿಲಿಂಗ್ ಬಳಿಯ ಘೂಮ್ ವಿಹಾರದಲ್ಲಿ ಟಿಬೆಟನ್ ಗುರುವೊಬ್ಬರನ್ನು ಕಂಡು ಆ ದಾರಿಗೆ ತಿರುಗಿದರು. ಅವರೂ ಶಾಂತಿನಿಕೇತನದಲ್ಲಿ ಪಾಠ ಹೇಳುತ್ತಿದ್ದರು. ಇಬ್ಬರ ಪರಿಚಯವಾದದ್ದು ಅಲ್ಲಿ. ಎರಡನೆಯ ಮಹಾಯುದ್ಧ ಬಂದಾಗ, ಬ್ರಿಟಿಷ್ ಪೌರತ್ವ ಪಡೆದಿದ್ದರೂ, ಅವರನ್ನು ಸರ್ಕಾರ ಬಂಧನಶಿಬಿರಕ್ಕೆ ಕಳುಹಿಸಿತು. ಡೆಹ್ರಾಡೂನಿನ ಆ ಶಿಬಿರದಿಂದಲೇ ಹೈನ್‌ರಿಶ್ ಹಾರರ್ ಎಂಬ ಆಸ್ಟ್ರಿಯದ ಪರ್ವತಾರೋಹಿ ತಪ್ಪಿಸಿಕೊಂಡು ಲ್ಹಾಸಾ ಸೇರಿ ಹೆಸರಾದದ್ದು. ಗೋವಿಂದರು ತಪ್ಪಿಸಿಕೊಳ್ಳಲಿಲ್ಲ. ಯುದ್ಧ ಮುಗಿಯುವವರೆಗೆ ಬೇಲಿಯೊಳಗೆ ಕಾದರು. 1947ರಲ್ಲಿ ಅವರಿಗೂ ಲೀಗೂ ಮದುವೆಯಾಯಿತು. ಆಗ ವರನಿಗೆ ನಲವತ್ತೊಂಬತ್ತು, ವಧುವಿಗೆ ನಲವತ್ತೊಂದು.

ಯಾತ್ರೆಗೆ ಹಣ ಕೊಟ್ಟದ್ದು ಯಾವ ಮಠವೂ ಅಲ್ಲ, ವಿಶ್ವವಿದ್ಯಾಲಯವೂ ಅಲ್ಲ. ಮುಂಬೈಯ ‘ಇಲ್ಲಸ್ಟ್ರೇಟೆಡ್ ವೀಕ್ಲಿ ಆಫ್ ಇಂಡಿಯಾ’ ಪತ್ರಿಕೆ. ಪಶ್ಚಿಮ ಟಿಬೆಟ್ಟಿನಲ್ಲಿ ಸಾವಿರ ವರ್ಷ ಹಳೆಯ ಗುಡಿಗಳಿವೆ, ಅವುಗಳ ಚಿತ್ರಗಳನ್ನು ತರುತ್ತೇವೆ ಎಂಬುದು ದಂಪತಿಗಳ ಪ್ರಸ್ತಾಪ. ಆ ಗುಡಿಗಳಿಗೆ ಹೋಗುವ ದಾರಿ ಕೈಲಾಸ ಮತ್ತು ಮಾನಸ ಸರೋವರಗಳ ಬದಿಯಿಂದಲೇ ಹಾಯುತ್ತಿತ್ತು. ಹೀಗಾಗಿ ಪತ್ರಿಕೆಯ ಕೆಲಸವೂ ತೀರ್ಥಯಾತ್ರೆಯೂ ಒಂದೇ ಹೆಜ್ಜೆಯಲ್ಲಿ ಸಾಗಿದವು.

ಅಲ್ಮೋರಾದಿಂದ ಸರೋವರಕ್ಕೆ ಇನ್ನೂರು ಮೈಲಿಗೂ ಮಿಗಿಲಾದ ಕಾಲುದಾರಿ. ಕಾಳಿ ನದಿಯ ಕಣಿವೆಯನ್ನು ಹಿಡಿದು ಧಾರಚೂಲಾ, ಗರ್ಬ್ಯಾಂಗ್, ಕಾಲಾಪಾನಿ. ಅಲ್ಲಿಂದ 5,000 ಮೀಟರಿಗೂ ಎತ್ತರದ ಲಿಪುಲೇಖ್ ಕಣಿವೆಬಾಗಿಲು. ಇಳಿದರೆ ತಕ್ಲಾಕೋಟ್ ಎಂಬ ಸಂತೆಯೂರು. ಇದು ಯಾತ್ರಿಕರಿಗಷ್ಟೇ ಸೇರಿದ ದಾರಿಯಾಗಿರಲಿಲ್ಲ. ಭೋಟಿಯಾ ವ್ಯಾಪಾರಿಗಳು ತಲೆತಲಾಂತರದಿಂದ ಇಲ್ಲಿ ಕುರಿ ಮೇಕೆಗಳ ಬೆನ್ನಿಗೆ ಸಣ್ಣ ಚೀಲಗಳನ್ನು ಕಟ್ಟಿ ಧಾನ್ಯವನ್ನು ಆಚೆಗೆ, ಉಪ್ಪು ಉಣ್ಣೆಗಳನ್ನು ಈಚೆಗೆ ಸಾಗಿಸುತ್ತಿದ್ದರು. ಯಾತ್ರಿಕರು ಅವರ ಹಿಂದೆ ಮುಂದೆ ಸೇರಿಕೊಂಡು ನಡೆಯುತ್ತಿದ್ದರು. ಈಗಿನ ಹುಡುಗರು ಬೆನ್ನಿಗೆ ಚೀಲ ಏರಿಸಿಕೊಂಡು ಹೊರಡುತ್ತಾರಲ್ಲ, ಗೋವಿಂದ ದಂಪತಿಗಳಿಗೆ ಅಷ್ಟು ಹಗುರಾದ ಪ್ರಯಾಣ ಸಾಧ್ಯವಿರಲಿಲ್ಲ. ಡೇರೆ, ಹಿಟ್ಟು, ಕಂಬಳಿಗಳ ಜೊತೆಗೆ ಫಿಲ್ಮು, ಕಾಗದದ ಸುರುಳಿ, ಬಣ್ಣ, ಮಸಿ: ಇವನ್ನೆಲ್ಲ ಕುದುರೆ, ಯಾಕ್‌ಗಳ ಮೇಲೆ ಹೇರಬೇಕು. ಆ ಪ್ರದೇಶದಲ್ಲಿ ಬಾಡಿಗೆಯ ಪ್ರಾಣಿಗಳು ಒಂದು ಊರಿನಿಂದ ಮುಂದಿನ ಊರಿಗಷ್ಟೇ ಬರುವುದು ವಾಡಿಕೆ. ಮುಂದಿನ ಊರಿನಲ್ಲಿ ಹೊಸ ಪ್ರಾಣಿ, ಹೊಸ ಆಳು, ಹೊಸ ಮಾತುಕತೆ. ಪ್ರಾಣಿಗಳು ಸಿಗದೆ ನಿಂತಲ್ಲೇ ದಿನಗಟ್ಟಲೆ ಕಾದುದೂ ಉಂಟು.

ತಕ್ಲಾಕೋಟ್ ದಾಟಿ ಗುರ್ಲಾ ದಿಣ್ಣೆಯನ್ನು ಏರಿದಾಗ ಸರೋವರಗಳು ಕಾಣಿಸುತ್ತವೆ. ಅಲ್ಲಿಂದ ಮುಂದೆ ಹಸಿರು ಕಡಿಮೆ, ಬಣ್ಣ ಹೆಚ್ಚು. ಗಾಳಿಯ ಒತ್ತಡ ಮುಂಬೈಯಲ್ಲಿರುವುದರ ಅರ್ಧಕ್ಕಿಂತ ತುಸು ಮಾತ್ರ ಹೆಚ್ಚು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲಬೇಕು. ನೀರು ಸುಮಾರು 85 ಡಿಗ್ರಿಗೇ ಕುದಿದುಬಿಡುವುದರಿಂದ ಬೇಳೆ ಬೇಯುವುದೇ ಇಲ್ಲ. ಟಿಬೆಟ್ಟಿನವರು ಹುರಿದ ಜವೆಗೋಧಿಯ ಹಿಟ್ಟನ್ನು ಚಹದಲ್ಲಿ ಕಲಸಿ ಮುದ್ದೆ ಕಟ್ಟಿ ತಿನ್ನುವುದು ರುಚಿಗಾಗಿ ಮಾತ್ರವಲ್ಲ. ನಮ್ಮ ಹುರಿಹಿಟ್ಟಿನ ಅಣ್ಣನಂತಿರುವ ಆ ತಿನಿಸಿಗೆ ಮತ್ತೆ ಬೇಯಿಸುವ ಕೆಲಸವಿಲ್ಲ. ಉರುವಲೆಂದರೆ ಒಣಗಿದ ಸಗಣಿಯಷ್ಟೇ ಆದ ನಾಡಿನಲ್ಲಿ ಅದು ದೊಡ್ಡ ಉಳಿತಾಯ.

ಆ ಸರೋವರವನ್ನು ಅದಕ್ಕೂ ಮೊದಲು ಹೊರಗಿನವರು ನೋಡಿರಲಿಲ್ಲವೆಂದಲ್ಲ. 1812ರಲ್ಲಿ ವಿಲಿಯಂ ಮೂರ್‌ಕ್ರಾಫ್ಟ್ ಎಂಬ ಇಂಗ್ಲಿಷ್ ಪಶುವೈದ್ಯ ಗೋಸಾಯಿಯ ವೇಷ ಹಾಕಿಕೊಂಡು ಬಂದುಹೋಗಿದ್ದ. 1907ರಲ್ಲಿ ಸ್ವೀಡನ್ನಿನ ಸ್ವೆನ್ ಹೆಡಿನ್ ಮಡಿಚುವ ದೋಣಿಯಲ್ಲಿ ನೀರಿಗಿಳಿದು ಆಳ ಅಳೆದಿದ್ದ. ನಮ್ಮವರೇ ಆದ ಸ್ವಾಮಿ ಪ್ರಣವಾನಂದರು ವರ್ಷಗಟ್ಟಲೆ ಸರೋವರದ ದಡದಲ್ಲಿದ್ದು, ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುವುದನ್ನೂ ವಸಂತದಲ್ಲಿ ಬಿರಿಯುವುದನ್ನೂ ದಿನದಿನವೂ ಗಮನಿಸಿ ಬರೆದಿಟ್ಟವರು. ಗೋವಿಂದ ದಂಪತಿಗಳು ನಡೆದ ವರ್ಷ, 1948ರ ಆಗಸ್ಟ್‌ನಲ್ಲಿ, ಗಾಂಧೀಜಿಯವರ ಚಿತಾಭಸ್ಮದ ಒಂದು ಪಾಲನ್ನು ತಂದು ಆ ನೀರಿನಲ್ಲಿ ವಿಸರ್ಜಿಸಲಾಯಿತು. ಸ್ವಾತಂತ್ರ್ಯಕ್ಕೆ ಒಂದು ವರ್ಷ. ಗಡಿಯಾಚೆಯ ನೀರಿಗೆ ಭಾರತದವರು ತಮ್ಮ ಹಿರಿಯನ ಬೂದಿಯನ್ನು ಹೊತ್ತು ನಡೆದುಹೋಗುವುದು ಯಾರಿಗೂ ಅಸಹಜವೆನಿಸದ ಕಾಲ ಅದು.

ಸರೋವರದ ಬಗ್ಗೆ ಗೋವಿಂದರು ಬರೆದದ್ದು ತತ್ತ್ವ. ಮಾನಸ ಸರೋವರ ದುಂಡಗೆ ಸೂರ್ಯನಂತೆ, ರಾಕ್ಷಸತಾಲ್ ಬಾಗಿದ ಚಂದ್ರಕಲೆಯಂತೆ. ಒಂದು ಬೆಳಕಿನ ಶಕ್ತಿ, ಇನ್ನೊಂದು ಕತ್ತಲೆಯ ಶಕ್ತಿ. ಎರಡೂ ಬೇಕು ಎಂಬುದು ಅವರ ವ್ಯಾಖ್ಯಾನ. ಓದಲು ಸೊಗಸು. ಆದರೆ ಟಿಬೆಟ್ಟಿನವರ ಬಾಯಲ್ಲಿ ಅದರ ಹೆಸರು ‘ಮಾಪಮ್’, ಅಂದರೆ ಸೋಲದ್ದು. ನಮ್ಮವರಿಗೆ ಅದು ಬ್ರಹ್ಮನ ಮನಸ್ಸಿನಲ್ಲಿ ಹುಟ್ಟಿದ್ದು. ಸೂರ್ಯಚಂದ್ರರ ಈ ಜೋಡಣೆಯಲ್ಲಿ ಎಷ್ಟು ಪಾಲು ಟಿಬೆಟ್ಟಿನದು, ಎಷ್ಟು ಪಾಲು ಯುರೋಪಿನಿಂದ ಬಂದ ಸಾಧಕನದು ಎಂದು ಬಿಡಿಸುವುದು ಕಷ್ಟ. ಗೋವಿಂದರ ಟಿಬೆಟನ್ ಪಾಂಡಿತ್ಯವನ್ನು ಡೊನಾಲ್ಡ್ ಲೋಪೆಜ್‌ರಂಥ ವಿದ್ವಾಂಸರು ಖಾರವಾಗಿಯೇ ಪ್ರಶ್ನಿಸಿದ್ದಾರೆ. ನನಗಂತೂ ಅವರ ವಿವರಣೆಗಳಿಗಿಂತ ಅವರ ನಡಿಗೆಯ ಮೇಲೆ ಹೆಚ್ಚು ನಂಬಿಕೆ.

ಬಹುಪಾಲು ಯಾತ್ರಿಕರು ಮಿಂದು, ಕೈಲಾಸದ ಐವತ್ತು ಕಿಲೋಮೀಟರ್ ಪ್ರದಕ್ಷಿಣೆ ಮುಗಿಸಿ, ಬಂದ ದಾರಿಯಲ್ಲಿಯೇ ಹಿಂತಿರುಗುತ್ತಾರೆ. ಈ ಇಬ್ಬರು ಪ್ರದಕ್ಷಿಣೆ ಮುಗಿಸಿ ಪಶ್ಚಿಮಕ್ಕೆ ತಿರುಗಿದರು. ಸರೋವರಗಳ ಸೀಮೆಯಿಂದ ಹೊರಡುವ ಸಟ್ಲೆಜ್ ನದಿ, ಅಂದರೆ ನಮ್ಮ ಪುರಾಣಗಳ ಶತದ್ರು, ಆ ಕಡೆಗೇ ಹರಿಯುತ್ತದೆ. ಅದರ ಕಣಿವೆಯಲ್ಲಿ ಒಂದು ಕಾಲದಲ್ಲಿ ಗುಗೆ ಎಂಬ ರಾಜ್ಯವಿತ್ತು. ಹತ್ತನೆಯ ಶತಮಾನದ ಕೊನೆಗೆ ಅಲ್ಲಿನ ಅರಸರು ರಿಂಚೆನ್ ಜಾಂಗ್ಪೊ ಎಂಬ ತರುಣನನ್ನು ಕಾಶ್ಮೀರಕ್ಕೆ ಓದಲು ಕಳುಹಿಸಿದರು; ಆತ ಗ್ರಂಥಗಳನ್ನು ಅನುವಾದಿಸಿದ, ಶಿಲ್ಪಿಗಳನ್ನು ಕರೆತಂದ, ಥೋಲಿಂಗ್ ಮೊದಲಾದೆಡೆ ಗುಡಿಗಳನ್ನು ಎಬ್ಬಿಸಿದ. 1624ರಲ್ಲಿ ಪೋರ್ಚುಗೀಸ್ ಪಾದ್ರಿ ಆಂದ್ರಾದೆ ರಾಜಧಾನಿ ತ್ಸಾಪರಂಗಿಗೆ ಬಂದಾಗ ಅಲ್ಲಿ ರಾಜನಿದ್ದ. ಕೆಲವೇ ವರ್ಷಗಳಲ್ಲಿ ಲಡಾಖಿನ ಸೇನೆ ರಾಜ್ಯವನ್ನು ಮುರಿಯಿತು. ದಂಪತಿಗಳು 1948ರ ಅಕ್ಟೋಬರ್ ಹೊತ್ತಿಗೆ ತಲುಪಿದಾಗ ತ್ಸಾಪರಂಗ್ ಒಂದು ಹಾಳೂರು. ಬೆಟ್ಟಕ್ಕೆ ಬೆಟ್ಟವೇ ಪಾಳುಗವಿಗಳಿಂದ ತೂತುಬಿದ್ದಿತ್ತು. ಆದರೆ ಗುಡಿಗಳು ನಿಂತಿದ್ದವು. ಒಳಗೆ ಬಂಗಾರದ ಮೆರುಗಿನ ದೊಡ್ಡ ಮೂರ್ತಿಗಳು, ಗೋಡೆಯ ತುಂಬ ಚಿತ್ರ.

ಗವಿಯೊಂದಕ್ಕೆ ಅಂಟಿಸಿ ಕಟ್ಟಿದ ಕಲ್ಲಿನ ಗುಡಿಸಲಿನಲ್ಲಿ ಅವರು ಚಳಿಗಾಲವನ್ನು ಕಳೆದರು. ಒಂದು ಕುರುಬ ಸಂಸಾರ ನೀರು, ಉರುವಲು ತಂದುಕೊಡುತ್ತಿತ್ತು. ಬೆಳಗಾದರೆ ಲೀ ಗುಡಿಗೆ ಹೋಗಿ ಬುದ್ಧನ ಜೀವನವನ್ನು ಬರೆದ ಗೋಡೆಚಿತ್ರಗಳ ಮೇಲೆ ತೆಳುಕಾಗದ ಹಿಡಿದು ಗೆರೆಗೆರೆಯನ್ನೂ ಪ್ರತಿ ಮಾಡುವುದು. ಗೋವಿಂದರೂ ತಮ್ಮ ಪಾಲಿನ ಚಿತ್ರಗಳನ್ನು ನಕಲಿಸುವುದು. ಚಳಿಗೆ ಮಸಿ ಹೆಪ್ಪುಗಟ್ಟುತ್ತಿತ್ತು. ನಾಲ್ಕು ಗೆರೆ ಎಳೆಯುವುದು, ಮತ್ತೆ ಮಸಿಯನ್ನೂ ಬೆರಳುಗಳನ್ನೂ ಕಾಯಿಸಿಕೊಳ್ಳುವುದು. ಇದು ಒಂದು ದಿನದ, ವಾರದ ಮಾತಲ್ಲ; ಚಳಿಗಾಲದ ತಿಂಗಳುಗಳಷ್ಟೂ ಹೀಗೆಯೇ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಬೇಕೆನಿಸುತ್ತದೆ. ರಿಂಚೆನ್ ಜಾಂಗ್ಪೊ ಗುಗೆಯಲ್ಲಿ ಗುಡಿ ಕಟ್ಟಿಸುತ್ತಿದ್ದ ಕಾಲಕ್ಕೇ ನಮ್ಮ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಇದ್ದಳು. ಬಸದಿಗಳನ್ನು ಕಟ್ಟಿಸಿದ ದಾನಚಿಂತಾಮಣಿ ಎಂದು ಅವಳ ಹೆಸರು. ಆದರೆ ಕನ್ನಡಿಗರು ಅವಳನ್ನು ಇಂದಿಗೂ ನೆನೆಯುವುದು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು. ಪ್ರತಿ ಮಾಡುವುದನ್ನು ನಾವು ಕೀಳು ಕೆಲಸವೆಂದು ಎಣಿಸಿದವರಲ್ಲ. ಹಳೆಯ ಓಲೆಗರಿಗಳ ಕೊನೆಯಲ್ಲಿ ಲಿಪಿಕಾರರು ತಮ್ಮ ಬೆನ್ನು, ಸೊಂಟ, ಕತ್ತುಗಳ ನೋವನ್ನು ತೋಡಿಕೊಂಡು, ಕಷ್ಟಪಟ್ಟು ಬರೆದುದನ್ನು ಜೋಪಾನವಾಗಿಡಿ ಎಂದು ಬೇಡುವುದುಂಟು. ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿಯೂ ಅಚ್ಚಿನಲ್ಲಿಲ್ಲದ ಕನ್ನಡ ಪುಸ್ತಕಗಳ ಜೆರಾಕ್ಸ್ ಕಟ್ಟುಗಳಿಲ್ಲವೇ? ಲೀ ಗೌತಮಿಯ ಚಳಿಗಾಲವನ್ನು ನಾನು ಈ ಸಾಲಿನಲ್ಲಿಟ್ಟು ನೋಡುತ್ತೇನೆ. ಗೋವಿಂದರ ಪುಸ್ತಕದಲ್ಲಿ ಧ್ಯಾನದ ಶಿಖರಗಳು ಬೇಕಾದಷ್ಟಿವೆ. ಮಸಿ ಕಾಯಿಸಿ ಮತ್ತೆ ಗೆರೆ ಎಳೆಯುವುದಕ್ಕಿಂತ ಕಠಿಣವಾದ ಧ್ಯಾನ ನನಗೆ ಅಲ್ಲಿ ಕಾಣಲಿಲ್ಲ.

ಲ್ಹಾಸಾದ ಪರವಾನಗಿ ಅವರ ಬಳಿಯಿತ್ತು. ಆದರೂ ಸ್ಥಳೀಯ ಅಧಿಕಾರಿಗೆ ಸಂಶಯ. ಗುಡಿಯೊಳಗೆ ತಿಂಗಳುಗಟ್ಟಲೆ ಕುಳಿತು ಇವರು ಮಾಡುವುದೇನು? ಇತ್ತ ಗೆರೆ ಮುಗಿಯಬೇಕು, ಅತ್ತ ತಡೆ ಬರುವ ಭಯ. ಜನವರಿಯ ಕೊನೆಗೆ ಗುಡಿಗಳ ಬಾಗಿಲಿಗೆ ಮುದ್ರೆ ಹಾಕುವ ಆಜ್ಞೆ ಬಂದೇಬಿಟ್ಟಿತು. ಅಷ್ಟು ಹೊತ್ತಿಗೆ ಲೀ ಹಿಡಿದ ಕೆಲಸ ಮುಗಿದಿತ್ತು. ಹೊರಟವರು ಲಿಪುಲೇಖ್ ಕಡೆಗೆ ತಿರುಗಲಿಲ್ಲ. ಸಟ್ಲೆಜ್ ಕಣಿವೆಯ ದಾರಿಯನ್ನೇ ಹಿಡಿದು, ಕಿನ್ನೌರಿನ ಪೂ ಎಂಬ ಹಳ್ಳಿಯನ್ನು ಸೇರಿ, ಮುಂದಿನ ಹಿಮ ಕರಗುವವರೆಗೆ ಅಲ್ಲಿ ತಂಗಿದರು. ಹೀಗೆ ನೋಡಿದರೆ ಅವರದು ಸರೋವರಕ್ಕೆ ಹೋಗಿಬಂದ ಯಾತ್ರೆಯಲ್ಲ; ಸರೋವರದಿಂದ ನೀರಿನ ಜೊತೆಗೇ ಕೆಳಗಿಳಿದು ಭಾರತಕ್ಕೆ ಬಂದ ಯಾತ್ರೆ.

1951ರಲ್ಲಿ ಲೀ ಬರೆದ ಲೇಖನಗಳು ವೀಕ್ಲಿಯಲ್ಲಿ ಬಂದವು. ಅದೇ ವರ್ಷ ಚೀನದ ಸೇನೆ ಲ್ಹಾಸಾಕ್ಕೆ ಬಂದಿತು. 1954ರ ಪಂಚಶೀಲ ಒಪ್ಪಂದದಲ್ಲಿ ಲಿಪುಲೇಖ್ ದಾರಿ ವ್ಯಾಪಾರಿಗಳಿಗೂ ಯಾತ್ರಿಕರಿಗೂ ತೆರೆದಿರತಕ್ಕದ್ದೆಂದು ಬರೆದರು. 1962ರ ಯುದ್ಧ ಅದನ್ನು ಮುಚ್ಚಿತು. 1960ರ ದಶಕದ ಉತ್ತರಾರ್ಧದಲ್ಲಿ ಸಾಂಸ್ಕೃತಿಕ ಕ್ರಾಂತಿಯ ಗಾಳಿ ಪಶ್ಚಿಮ ಟಿಬೆಟ್ಟಿಗೂ ತಲುಪಿ, ತ್ಸಾಪರಂಗಿನ ಮೂರ್ತಿಗಳನ್ನು ಒಡೆಯಲಾಯಿತು. ತಲೆಯಿಲ್ಲದ ಮುಂಡಗಳು, ಸೀಳಿದ ಎದೆಗಳು: ಅನಂತರ ಹೋದವರು ತೆಗೆದ ಚಿತ್ರಗಳಲ್ಲಿ ಕಾಣುವುದು ಇವು.

ವಿಚಿತ್ರವೆಂದರೆ ಗೋಡೆಚಿತ್ರಗಳು ಬಹುಮಟ್ಟಿಗೆ ಉಳಿದುಕೊಂಡವು. ಬೆರಳು ಮರಗಟ್ಟಿಸಿಕೊಂಡು ಲೀ ತಿಂಗಳುಗಟ್ಟಲೆ ನಕಲಿಸಿದ್ದರ ಮೂಲ ಇಂದಿಗೂ ಗೋಡೆಯ ಮೇಲಿದೆ. ಕ್ಯಾಮೆರಾದ ಕ್ಷಣಮಾತ್ರದ ಕೆಲಸದಲ್ಲಿ ಸೆರೆಸಿಕ್ಕ ಮೂರ್ತಿಗಳು ಮಾತ್ರ ಹೋದವು. ಯಾವುದಕ್ಕೆ ಹೆಚ್ಚು ಶ್ರಮಪಡಬೇಕೆಂದು ಮನುಷ್ಯ ಎಣಿಸುತ್ತಾನೋ, ಕಾಲ ಬೇರೆಯದನ್ನೇ ಎತ್ತಿಕೊಂಡು ಹೋಗಿರುತ್ತದೆ. ಇಟಲಿಯ ವಿದ್ವಾಂಸ ಜುಸೆಪ್ಪೆ ತುಚ್ಚಿ 1930ರ ದಶಕದಲ್ಲಿ ಅಲ್ಲಿಗೆ ಹೋಗಿ ಚಿತ್ರ ತೆಗೆಸಿದ್ದರಾದ್ದರಿಂದ ಲೀಯವರದೇ ಏಕೈಕ ಸಾಕ್ಷಿಯೆಂದು ಹೇಳಲಾಗದು. ಆದರೆ ಅಲ್ಲಿಯೇ ಒಂದು ಚಳಿಗಾಲ ವಾಸಿಸಿ, ಆ ಮುಖಗಳನ್ನು ದಿನವೂ ನೋಡಿ, ಚಿತ್ರಕಲಾವಿದೆಯ ಕಣ್ಣಿನಿಂದ ತೆಗೆದ ಫೋಟೋಗಳು ಅವು. ಆ ಯಾತ್ರೆಯ ಅವರ ಕೃತಿಗಳಲ್ಲಿ ಕೆಲವು ಮುಂಬೈಯ ವಸ್ತುಸಂಗ್ರಹಾಲಯವನ್ನು ಸೇರಿದವು. ಫೋಟೋಗಳು ‘ಟಿಬೆಟ್ ಇನ್ ಪಿಕ್ಚರ್ಸ್’ ಎಂದು ಎರಡು ಸಂಪುಟಗಳಾಗಿ ಬಂದದ್ದು 1979ರಲ್ಲಿ, ಯಾತ್ರೆ ಮುಗಿದ ಮೂವತ್ತು ವರ್ಷಗಳ ಮೇಲೆ. ಗಂಡನ ಪುಸ್ತಕ ಅಷ್ಟು ಹೊತ್ತಿಗೆ ಲೋಕ ಸುತ್ತಿ ಬಂದಿತ್ತು.

ಸರೋವರದ ದಾರಿ 1981ರಲ್ಲಿ ಭಾರತೀಯ ಯಾತ್ರಿಕರಿಗೆ ಮತ್ತೆ ತೆರೆಯಿತು, 2020ರಲ್ಲಿ ನಿಂತಿತು, 2025ರ ಜೂನ್‌ನಲ್ಲಿ ಪುನಃ ಆರಂಭವಾಯಿತು. ನಮ್ಮ ಬಳಗದಿಂದಲೂ ಯಾರಾದರೂ ಹೊರಡಬಹುದು. ಈಗ ದಾರಿಯ ಹೆಚ್ಚಿನ ಭಾಗಕ್ಕೆ ರಸ್ತೆಯಿದೆ.

ಗೋವಿಂದ ದಂಪತಿಗಳು ಆಮೇಲೆ ಅಲ್ಮೋರಾ ಬಳಿಯ ಕಸಾರ್ ದೇವಿಯಲ್ಲಿ ಬಹುಕಾಲ ಬಾಳಿದರು; ಇಳಿವಯಸ್ಸಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದರು. 1985ರ ಜನವರಿಯಲ್ಲಿ ಗೋವಿಂದರು ಅಲ್ಲಿಯೇ ತೀರಿಕೊಂಡರು. ಲೀ ಭಾರತಕ್ಕೆ ಹಿಂತಿರುಗಿ ಬಂದು, 1988ರಲ್ಲಿ ಪುಣೆಯಲ್ಲಿ ಕಣ್ಣುಮುಚ್ಚಿದರು. ಪುಣೆಯ ನಮ್ಮ ಹಿರಿಯ ಗೆಳೆಯರಲ್ಲಿ ಆ ವರ್ಷಗಳಲ್ಲಿ ಟಿಬೆಟನ್ ಉಡುಪಿನ ಪಾರ್ಸಿ ಅಜ್ಜಿಯೊಬ್ಬರನ್ನು ಕಂಡ ನೆನಪು ಯಾರಿಗಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಬೇಕು.